ತಾಮ್ರದ ನಾಣ್ಯವನ್ನು ತಿಕ್ಕಬೇಡಿ

ಹಳೆಯ ತಾಮ್ರದ ನಾಣ್ಯವೊಂದು ಕೈಗೆ ಸಿಕ್ಕರೆ ತಿಕ್ಕಿ ತೊಳೆದು ಫಳಫಳ ಹೊಳೆಯಿಸಬೇಕು ಎನಿಸುವುದು ಸಹಜ. ಸಂಗ್ರಹ ಆರಂಭಿಸಿದ ಹೊಸದರಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಹದವಾಗಿ ಕಂದು ತಿರುಗಿದ್ದ ಬ್ರಿಟಿಷ್ ಪೆನ್ನಿಯೊಂದನ್ನು ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆದೆ. ನೋಡನೋಡುತ್ತಿದ್ದಂತೆ ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ಹೊಸ ನಾಣ್ಯದ ಬೆಚ್ಚನೆಯ ಕೆಂಪು ಎಲ್ಲಿ, ಸಿಪ್ಪೆ ಸುಲಿದ ಗಾಯದಂತಹ ಈ ಗುಲಾಬಿ ಎಲ್ಲಿ! ಕೆಲವೇ ತಿಂಗಳಲ್ಲಿ ಅದರ ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆಗಳೆದ್ದವು. ನಾನು ಕೊಳೆ ಎಂದುಕೊಂಡು ತೆಗೆದದ್ದು ಆ ನಾಣ್ಯದ ಚರ್ಮವನ್ನೇ ಎಂದು ಅರ್ಥವಾಗಲು ಇನ್ನಷ್ಟು ಕಾಲ ಹಿಡಿಯಿತು. ಆ ಪೆನ್ನಿಯನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ತಾಮ್ರಕ್ಕೆ ಬಣ್ಣವಿರುವುದೇ ಒಂದು ವಿಶೇಷ. ಬೆಳ್ಳಿ, ಕಬ್ಬಿಣ, ನಿಕ್ಕಲ್, ಸತು, ತವರ ಎಲ್ಲವೂ ಬಿಳಿ ಇಲ್ಲವೇ ಬೂದು. ಕಣ್ಣಿಗೆ ಕಾಣುವ ಬಣ್ಣಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತವೆ. ತಾಮ್ರದ ಒಳಹಂತದ ಎಲೆಕ್ಟ್ರಾನುಗಳು ಮೇಲಿನ ಹಂತಕ್ಕೆ ಜಿಗಿಯಲು ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಹಸಿರು, ನೀಲಿ ಬೆಳಕಿನಲ್ಲಿ ಅಷ್ಟು ಶಕ್ತಿ ಇರುತ್ತದೆ. ತಾಮ್ರ ಅವುಗಳಲ್ಲಿ ಬಹುಪಾಲನ್ನು ನುಂಗಿ, ಕೆಂಪು ಮತ್ತು ಕಿತ್ತಳೆಯನ್ನು ಮರಳಿಸುತ್ತದೆ. ಬೆಳ್ಳಿಯಲ್ಲಿ ಇದೇ ಜಿಗಿತಕ್ಕೆ ಸುಮಾರು 4 ಎಲೆಕ್ಟ್ರಾನ್ ವೋಲ್ಟ್, ಅಂದರೆ ನೇರಳಾತೀತ ಕಿರಣವೇ ಬೇಕು. ಹಾಗಾಗಿ ಅದು ಬೆಳ್ಳಗೆ ಉಳಿಯಿತು.

ಆದರೆ ಬರಿಯ ತಾಮ್ರವನ್ನು ನಾವು ನೋಡುವುದೇ ಅಪರೂಪ. ಟಂಕಸಾಲೆಯ ಅಚ್ಚಿನಿಂದ ಹೊರಬಿದ್ದ ಗಳಿಗೆಯಿಂದಲೇ ನಾಣ್ಯದ ಮೇಲೆ ಆಮ್ಲಜನಕ ಕೂರತೊಡಗುತ್ತದೆ. ಮೊದಲು ಕಟ್ಟುವುದು ಕೆಂಪು ಛಾಯೆಯ ಕ್ಯುಪ್ರಸ್ ಆಕ್ಸೈಡ್. ಕಾಲ ಸರಿದಂತೆ ಅದಕ್ಕೆ ಕಪ್ಪು ಕ್ಯುಪ್ರಿಕ್ ಆಕ್ಸೈಡ್, ಗಾಳಿಯ ಗಂಧಕದಿಂದ ಬಂದ ಸಲ್ಫೈಡ್ ಸೇರಿಕೊಳ್ಳುತ್ತವೆ. ನಾವು ಕಂದು ಎನ್ನುವುದು ಈ ಎಲ್ಲದರ ಬೆರಕೆ. ಪದರ ದಪ್ಪವಾದಂತೆ ಹೊರಗಿನ ಗಾಳಿ ಒಳಗಿನ ಲೋಹವನ್ನು ಮುಟ್ಟುವುದು ಕಷ್ಟವಾಗುತ್ತದೆ; ಮೊದಮೊದಲು ಬೇಗ ಬೆಳೆದ ಪದರ ಆಮೇಲೆ ಆಮೆಯ ವೇಗಕ್ಕಿಳಿಯುತ್ತದೆ. ಕಂದು ನಾಣ್ಯ ಹತ್ತಾರು ವರ್ಷ ಹಾಗೆಯೇ ಉಳಿಯುವ ಗುಟ್ಟು ಇದು.

ಕೆಲವು ನಾಣ್ಯಗಳ ಮೇಲೆ ನೇರಳೆ, ನೀಲಿ, ಹಸಿರಿನ ಛಾಯೆಗಳು ಮೂಡಿರುವುದುಂಟು. ಅಲ್ಲಿ ಯಾವ ನೀಲಿ ವಸ್ತುವೂ ಇಲ್ಲ. ಪಾರದರ್ಶಕವಾದ ತೆಳು ಆಕ್ಸೈಡ್ ಪದರದ ಮೇಲ್ಮೈಯಿಂದ ಮರಳಿದ ಬೆಳಕು, ಅದರ ತಳದಿಂದ ಮರಳಿದ ಬೆಳಕಿನೊಂದಿಗೆ ಕೂಡಿ ಕೆಲವು ಬಣ್ಣಗಳನ್ನು ಅಳಿಸುತ್ತದೆ, ಕೆಲವನ್ನು ಹಿಗ್ಗಿಸುತ್ತದೆ. ನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಣುವ ಬಣ್ಣಗಳದ್ದೂ ಇದೇ ಕಥೆ. ಪದರ ಸುಮಾರು 40 ನ್ಯಾನೋಮೀಟರ್ ತಲುಪುವ ಹೊತ್ತಿಗೆ ಈ ಆಟ ಶುರುವಾಗುತ್ತದೆ. ಅದು ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಕಂದುಗೆಂಪಿನಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ಹೋಗಲು ಕೆಲವೇ ನ್ಯಾನೋಮೀಟರ್ ಹೆಚ್ಚಿದರೆ ಸಾಕು.

ಅಮೆರಿಕದ ಸೆಂಟ್ ನಾಣ್ಯಗಳನ್ನು ದರ್ಜೆಗೆ ಹಚ್ಚುವವರು ಬಣ್ಣಕ್ಕೆ ಮೂರು ಹೆಸರಿಟ್ಟಿದ್ದಾರೆ: ರೆಡ್, ರೆಡ್-ಬ್ರೌನ್, ಬ್ರೌನ್. ಮೂಲ ಕೆಂಪು ಸುಮಾರು ಶೇ 95ಕ್ಕಿಂತ ಹೆಚ್ಚು ಉಳಿದಿದ್ದರೆ ರೆಡ್, ಶೇ 5ಕ್ಕಿಂತ ಕಡಿಮೆ ಇದ್ದರೆ ಬ್ರೌನ್, ನಡುವಿನದೆಲ್ಲ ರೆಡ್-ಬ್ರೌನ್. ಬೆಲೆಯೂ ಇದೇ ಮೆಟ್ಟಿಲುಗಳಲ್ಲಿ ಏರುತ್ತದೆ. ಕೆಂಪಿನ ಮೇಲಿನ ಮೋಹ ನನಗೆ ಅರ್ಥವಾಗುತ್ತದೆ, ಆದರೆ ನನ್ನ ಮತ ಕಂದಿಗೆ. ಕೆಂಪು ಎಂದರೆ ಇನ್ನೂ ಬಹುಪಾಲು ಬಾಕಿ ಇರುವ ರಾಸಾಯನಿಕ ಕ್ರಿಯೆ. ಕೊಂಡವರು ಪ್ರತಿ ಮಳೆಗಾಲದಲ್ಲೂ ತೇವಕ್ಕೆ ಹೆದರುತ್ತಾ ಕಾಯಬೇಕು. ಒಳ್ಳೆಯ ಕಂದು ನಾಣ್ಯದಲ್ಲಿ ಹೊಳಪು ಇರುವುದಿಲ್ಲ ಎಂಬುದೂ ತಪ್ಪು ತಿಳಿವಳಿಕೆ. ಅಚ್ಚಿನ ಒತ್ತಡಕ್ಕೆ ಲೋಹ ಅಂಚಿನತ್ತ ಹರಿದಾಗ ಮೇಲ್ಮೈಯಲ್ಲಿ ಅತಿ ಸೂಕ್ಷ್ಮ ಗೆರೆಗಳು ಉಳಿಯುತ್ತವೆ. ನಾಣ್ಯವನ್ನು ದೀಪದ ಕೆಳಗೆ ಓಲಾಡಿಸಿದರೆ ಬೆಳಕು ಗಾಲಿಯಂತೆ ಸುತ್ತುವುದು ಈ ಗೆರೆಗಳಿಂದ. ಬಣ್ಣ ರಸಾಯನದ್ದು, ಹೊಳಪು ಆಕಾರದ್ದು. ಬಳಕೆಯಲ್ಲಿ ಸವೆಯದ ಕಂದು ನಾಣ್ಯದಲ್ಲಿ ಆ ಗಾಲಿ ಚೆನ್ನಾಗಿಯೇ ತಿರುಗುತ್ತದೆ. ಆಮ್ಲ ಮೊದಲು ತಿನ್ನುವುದು ಈ ಗೆರೆಗಳನ್ನು; ನನ್ನ ಗುಲಾಬಿ ಪೆನ್ನಿಯಲ್ಲಿ ಎಷ್ಟು ಓಲಾಡಿಸಿದರೂ ಏನೂ ಸುತ್ತುವುದಿಲ್ಲ.

ಸಹಜ ಬಣ್ಣವನ್ನು ಗುರುತಿಸಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಮೊದಲು ಅಕ್ಷರಗಳ ಸುತ್ತ ನೋಡಿ. ಬೆರಳು, ಬಟ್ಟೆ ತಾಗದ ಆ ಮೂಲೆಗಳಲ್ಲಿ ಮೂಲ ಕೆಂಪು ಕೊನೆಯವರೆಗೆ ಅವಿತಿರುತ್ತದೆ. ಎದ್ದು ನಿಂತ ಭಾಗಗಳು ಮೊದಲು ಕಂದಾಗುತ್ತವೆ. ಇದು ತಿರುಗುಮುರುಗಾಗಿದ್ದರೆ, ಎಂದರೆ ಉಬ್ಬುಗಳು ಕೆಂಪಾಗಿದ್ದು ಮೂಲೆಗಳು ಕಪ್ಪಾಗಿದ್ದರೆ, ಯಾರೋ ತಿಕ್ಕಿದ್ದಾರೆ. ಆಮೇಲೆ ಗೀರುಗಳನ್ನು ನೋಡಿ. ಗೀರಿನ ತಳದ ಬಣ್ಣ ಸುತ್ತಲಿನದಕ್ಕೆ ಹೊಂದಿಕೊಂಡಿದ್ದರೆ ಗೀರು ಹಳೆಯದಿರಬಹುದು, ಇಲ್ಲವೇ ಬಣ್ಣವೇ ಹೊಸದಾಗಿ ಬಳಿದದ್ದಿರಬಹುದು. ಆಗ ಬಣ್ಣಗಳ ಕ್ರಮ ನೆರವಿಗೆ ಬರುತ್ತದೆ. ನಿಧಾನವಾಗಿ ಬೆಳೆದ ಪದರದಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಕರಗುತ್ತಾ ಸಾಗುತ್ತದೆ. ಬೆಂಕಿಗೆ ಹಿಡಿದು ಮಾಡಿದ ನೀಲಿ ಹೆಚ್ಚಾಗಿ ಹಚ್ಚಿಟ್ಟಂತೆ ಕೂತಿರುತ್ತದೆ.

ಕಾಪಾಡುವ ವಿಷಯದಲ್ಲಿ ಬೆರಳಿಗಿಂತ ದೊಡ್ಡ ಶತ್ರುವಿಲ್ಲ. ಬೆವರಿನ ಉಪ್ಪು ಅಂಟಿದ ಜಾಗದಲ್ಲಿ ಬೆರಳಚ್ಚು ಲೋಹದಲ್ಲೇ ಕೊರೆದಂತೆ ನಿಲ್ಲುತ್ತದೆ, ಆದ್ದರಿಂದ ಅಂಚಿನಲ್ಲಿ ಮಾತ್ರ ಹಿಡಿಯಬೇಕು. ನಾಣ್ಯ ಇಡುವ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆಗಳು ಹಳತಾದಂತೆ ಆಮ್ಲ ಬಿಟ್ಟು ಹಸಿರು ಅಂಟು ಹಿಡಿಸುತ್ತವೆ. ಓಕ್ ಮರದ ಪೆಟ್ಟಿಗೆಯೂ ಅಸಿಟಿಕ್ ಆಮ್ಲ ಸೂಸುವುದರಿಂದ ಹಳೆಯ ಸಂಗ್ರಾಹಕರು ಮಹಾಗನಿಯನ್ನೇ ಆರಿಸಿಕೊಂಡಿದ್ದರು. ಹಸಿರಿನಲ್ಲೂ ಎರಡು ಬಗೆ. ಗಟ್ಟಿಯಾಗಿ, ನಯವಾಗಿ ಅಂಟಿಕೊಂಡ ಹಳೆಯ ಕಿಲುಬು ಅಪಾಯಕಾರಿಯಲ್ಲ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಆ ನಾಣ್ಯವನ್ನು ಕೂಡಲೇ ಬೇರೆಯಿಟ್ಟು ಒಣ ಜಾಗಕ್ಕೆ ಸಾಗಿಸಬೇಕು. ಒಳಗೆ ಅಡಗಿದ ಕ್ಲೋರೈಡ್ ತೇವ ಮತ್ತು ಗಾಳಿಯೊಡನೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲ ಉಂಟುಮಾಡುತ್ತದೆ, ಆ ಆಮ್ಲ ಇನ್ನಷ್ಟು ತಾಮ್ರವನ್ನು ಕ್ಲೋರೈಡ್ ಆಗಿಸುತ್ತದೆ. ತೇವ ಇರುವವರೆಗೂ ಈ ಚಕ್ರ ನಿಲ್ಲುವುದಿಲ್ಲ.

ಮೂಲ ಬಣ್ಣ ಎಂದರೆ ಕೆಂಪು ಎಂಬ ನಂಬಿಕೆಯನ್ನು ಅಲುಗಾಡಿಸುವ ನಾಣ್ಯವೊಂದು ನನ್ನ ಪೆಟ್ಟಿಗೆಯಲ್ಲಿದೆ. ಬ್ರಿಟನ್ನಿನ ಫಾರ್ದಿಂಗ್ ಅದು. ಪೆನ್ನಿಯ ಕಾಲು ಭಾಗ, ಶೇ 95ರಷ್ಟು ತಾಮ್ರವಿರುವ ಕಂಚು. ಹೊಸದಾಗಿದ್ದಾಗ ಅದು ಗಾತ್ರದಲ್ಲೂ ಹೊಳಪಿನಲ್ಲೂ ಚಿನ್ನದ ಅರ್ಧ ಸಾವರಿನ್ನನ್ನು ಹೋಲುತ್ತಿತ್ತು. ಒಂದರ ಬೆಲೆ ಇನ್ನೊಂದರ 480 ಪಟ್ಟು! ಮೋಸ ತಪ್ಪಿಸಲು ಅಲ್ಲಿನ ರಾಯಲ್ ಮಿಂಟ್ 1897ರಿಂದ 1917ರವರೆಗೆ ಫಾರ್ದಿಂಗುಗಳನ್ನು ರಾಸಾಯನಿಕದಿಂದ ಕಪ್ಪಾಗಿಸಿಯೇ ಹೊರಗೆ ಕಳಿಸುತ್ತಿತ್ತು. ಇಲ್ಲಿ ಕಪ್ಪೇ ಹುಟ್ಟುಬಣ್ಣ. 1905ರ ಫಾರ್ದಿಂಗ್ ಕೆಂಪಗೆ ಹೊಳೆಯುತ್ತಿದ್ದರೆ ಅನುಮಾನಿಸಬೇಕು. ನನ್ನಲ್ಲಿರುವುದು 1901ರದು. ವಿಕ್ಟೋರಿಯಾ ರಾಣಿಯ ಮುಸುಕಿನ ಮಡಿಕೆಗಳಲ್ಲಿ ಟಂಕಸಾಲೆಯ ಆ ಕಪ್ಪು ಇನ್ನೂ ಹಾಗೆಯೇ ಕೂತಿದೆ. ಕೈಯಿಂದ ಕೈಗೆ ದಾಟಿ ಸವೆದ ಕೆನ್ನೆಯ ಮೇಲೆ ಮಾತ್ರ, ಯಾರೂ ಬಳಿಯದ ತೆಳುವಾದ ಕಂದು ಕಟ್ಟಿದೆ.