ಹೂ ಬಿಟ್ಟರೂ ಒಣಗದ ಸಾಸಿವೆ ಬಳಗದ ಗಿಡ

ಮೂಲಂಗಿಯನ್ನು ಕೀಳದೆ ಹಾಗೇ ಬಿಟ್ಟು ನೋಡಿದ್ದೀರಾ? ನಡುವಿನಿಂದ ಒಂದು ದಂಟು ಎದ್ದು, ನಾಲ್ಕೇ ಎಸಳಿನ ಪುಟ್ಟ ಹೂಗಳು ಅರಳುತ್ತವೆ. ಅಷ್ಟರಲ್ಲಿ ಗಡ್ಡೆ ಬೆಂಡಾಗಿರುತ್ತದೆ. ಕಾಯಿ ಬಲಿತ ಮೇಲೆ ಗಿಡವೇ ಒಣಗುತ್ತದೆ. ಸಾಸಿವೆಯದೂ ಇದೇ ಕತೆ. ಇದ್ದಬದ್ದ ಶಕ್ತಿಯನ್ನೆಲ್ಲ ಬೀಜಕ್ಕೆ ಸುರಿದು ಮುಗಿದುಹೋಗುತ್ತವೆ.

ಇದೇ ಬಳಗದ ಅರಾಬಿಸ್ ಆಲ್ಪಿನಾ ಹಾಗಲ್ಲ. ಆಲ್ಪ್ಸ್ ಬೆಟ್ಟಗಳ ಜಲ್ಲಿಕಲ್ಲಿನ ಇಳಿಜಾರಿನಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆಯುವ ಗೇಣುದ್ದದ ಗಿಡ ಇದು. ದೂರದ ಇಥಿಯೋಪಿಯಾದ ಬೆಟ್ಟಗಳಲ್ಲೂ ಇದೆ. ಎಲೆಯ ಮೇಲೆಲ್ಲ ಸಣ್ಣ ರೋಮ, ಅಂಚು ಹಲ್ಲು ಹಲ್ಲು. ಹೂವು ಅಚ್ಚ ಬಿಳಿ, ಅದೇ ನಾಲ್ಕು ಎಸಳು. ಈ ವರ್ಷ ಹೂ ಬಿಟ್ಟು, ಬೀಜ ಉದುರಿಸಿ, ಹಿಮದಡಿಯಲ್ಲಿ ಚಳಿಗಾಲ ಕಳೆದು, ಮುಂದಿನ ವರ್ಷ ಮತ್ತೆ ಅರಳುತ್ತದೆ!

ಇದರ ಗುಟ್ಟು 2009ರಲ್ಲಿ ಸಿಕ್ಕಿತು. ಜರ್ಮನಿಯ ಕಲೋನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಜಾರ್ಜ್ ಕೂಪ್‌ಲ್ಯಾಂಡ್ ಅವರ ತಂಡ 'ಪೆಪ್1' ಎಂಬ ಜೀನನ್ನು ಗುರುತಿಸಿತು. ಹೂ ಬಿಡದಂತೆ ತಡೆಯುವುದೇ ಇದರ ಕೆಲಸ. ವಾರಗಟ್ಟಲೆ ಚಳಿ ಬಿದ್ದರೆ ಇದು ಸುಮ್ಮನಾಗುತ್ತದೆ, ಆಗ ಮೊಗ್ಗಿಗೆ ದಾರಿ ಬಿಟ್ಟ ಹಾಗೆ. ಸ್ಪೇನಿನ ಬೆಟ್ಟದಿಂದ ತಂದ ಗಿಡಗಳಿಗೆ 4 ಡಿಗ್ರಿ ಚಳಿಯಲ್ಲಿ 12 ವಾರ ಬೇಕಾಗುತ್ತದೆ. ಹೊಸದಾಗಿ ಮೊಳೆತ ಸಸಿಯನ್ನು ಚಳಿಗಿಟ್ಟರೆ ಪ್ರಯೋಜನವಿಲ್ಲ, ಅದಕ್ಕೆ ಐದು ವಾರದ ವಯಸ್ಸಾದರೂ ಆಗಿರಬೇಕು.

ನನಗೆ ತುಂಬಾ ಇಷ್ಟವಾಗಿದ್ದು ಇದರ ಮುಂದಿನ ಭಾಗ. ಲ್ಯಾಬುಗಳಲ್ಲಿ ಜಾಸ್ತಿ ಬಳಸುವ ಇದರ ನೆಂಟ ಅರಾಬಿಡೋಪ್ಸಿಸ್‌ನಲ್ಲೂ ಇಂಥದ್ದೇ ಜೀನ್ ಇದೆ, ಆದರೆ ಅಲ್ಲಿ ಅದು ಒಮ್ಮೆ ಸುಮ್ಮನಾದರೆ ಆ ಗಿಡ ಸಾಯುವವರೆಗೂ ಸುಮ್ಮನೇ ಇರುತ್ತದೆ. ಅರಾಬಿಸ್‌ನಲ್ಲಿ ಹಾಗಾಗುವುದಿಲ್ಲ. ಹಿಮ ಕರಗಿ ಬಿಸಿಲು ಬಂದ ಕೂಡಲೇ ಪೆಪ್1 ಮತ್ತೆ ಎಚ್ಚರವಾಗುತ್ತದೆ. ಚಳಿಯಲ್ಲೇ ಮೊಗ್ಗು ಕಟ್ಟಲು ಶುರು ಮಾಡಿದ್ದ ಕವಲುಗಳು ಹೂ ಬಿಟ್ಟು, ಬೀಜ ಕೊಟ್ಟು ಒಣಗುತ್ತವೆ. ಆಗಿನ್ನೂ ಎಳೆಯದಾಗಿದ್ದ ಕವಲುಗಳು, ಆಮೇಲೆ ಚಿಗುರಿದವು ಸುಮ್ನೆ ಎಲೆ ಬಿಡುತ್ತಾ ಇರುತ್ತವೆ. ಮುಂದಿನ ವರ್ಷದ ಹೂವು ಇವುಗಳದ್ದು. ಒಂದೇ ಬುಡದಲ್ಲಿ ಕಾಯಿ ಕಟ್ಟಿ ಒಣಗುತ್ತಿರುವ ದಂಟು, ಪಕ್ಕದಲ್ಲೇ ಹಸಿರು ಚಿಗುರು!

ಆ ಜೀನ್ ಕೆಟ್ಟ ಗಿಡಗಳೂ ಇವೆ. ಅವು ಚಳಿಗಾಲಕ್ಕೆ ಕಾಯುವುದೇ ಇಲ್ಲ, ಬಿಡುವಿಲ್ಲದೆ ಹೂ ಬಿಡುತ್ತಲೇ ಹೋಗುತ್ತವೆ. ಪೆಪ್ ಎಂಬ ಹೆಸರು ಬಂದಿದ್ದು ಹಾಗೆ. ಇಂಗ್ಲಿಷಿನ 'ಪರ್ಪೆಚುವಲ್ ಫ್ಲವರಿಂಗ್' ಅನ್ನೋದರ ಚಿಕ್ಕ ರೂಪ ಅದು.