ಯೂರಿಯಾ ಸೋರುವುದೆಲ್ಲಿ, ತಡೆಯುವುದು ಯಾವುದು: ಅಧ್ಯಯನ ಟಿಪ್ಪಣಿ

ಪುಣೆಯಲ್ಲಿ ಕೃಷಿ ಓದುವ ನಮ್ಮಂಥ ಕನ್ನಡಿಗರಿಗೆ ಪಾಠ ಇಂಗ್ಲಿಷಿನಲ್ಲಿ, ಹೊಲದ ಮಾತು ಮರಾಠಿಯಲ್ಲಿ ಸಿಗುವುದರಿಂದ, ಸಾರಜನಕ ಸೋರದಂತೆ ಗೊಬ್ಬರಕ್ಕೆ ಬೆರೆಸುವ ಪ್ರತಿಬಂಧಕಗಳ (ತಡೆವಸ್ತುಗಳ) ಅಧ್ಯಾಯವನ್ನು ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಇವೆಲ್ಲ ಒಂದೇ ಕೆಲಸ ಮಾಡುತ್ತವೆಂದು ಭಾವಿಸಿದರೆ ಅಲ್ಲಿಗೇ ದಾರಿ ತಪ್ಪುತ್ತದೆ.

ಮಣ್ಣಿಗೆ ಬಿದ್ದ ಯೂರಿಯಾವನ್ನು ಯೂರಿಯೇಸ್ ಎಂಬ ಕಿಣ್ವವು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಮಾಡುತ್ತದೆ. ಆಗ ಯೂರಿಯಾ ಕಾಳಿನ ಸುತ್ತಲಿನ ಮಣ್ಣಿನ ಕ್ಷಾರತೆ ಏರಿ ಸಾರಜನಕದ ಒಂದು ಪಾಲು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಇದು ಮೊದಲ ಸೋರಿಕೆ. ಉಳಿದ ಅಮೋನಿಯಂ ಅನ್ನು ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ನೈಟ್ರೈಟಾಗಿ, ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟಾಗಿ ಬದಲಾಯಿಸುತ್ತವೆ; ಇದೇ ನೈಟ್ರೀಕರಣ. ಜೇಡಿಕಣಗಳು ನೈಟ್ರೇಟನ್ನು ಹಿಡಿದಿಟ್ಟುಕೊಳ್ಳಲಾರವಾದ್ದರಿಂದ ಅದು ನೀರಿನೊಡನೆ ಕೆಳಕ್ಕೆ ಬಸಿಯುತ್ತದೆ, ಇಲ್ಲವೇ ಗಾಳಿಯಾಡದ ಹಸಿ ಮಣ್ಣಿನಲ್ಲಿ ಸಾರಜನಕ ಅನಿಲವೂ ನೈಟ್ರಸ್ ಆಕ್ಸೈಡೂ ಆಗಿ ಮೇಲೇಳುತ್ತದೆ. ಇದು ಎರಡನೆಯ ಸೋರಿಕೆ.

ಭೂಮಿಯನ್ನು ಬಿಸಿಮಾಡುವ ಈ ನೈಟ್ರಸ್ ಆಕ್ಸೈಡಿನ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಯೂರಿಯಾದಲ್ಲಿ ಸಾರಜನಕ ಶೇ. 46, 45 ಕಿಲೋ ಚೀಲದಲ್ಲಿ 20.7 ಕಿಲೋ. ಐದು ಚೀಲಕ್ಕೆ ತುಸು ಕಡಿಮೆ ಹಾಕಿದರೆ 100 ಕಿಲೋ ಸಾರಜನಕ ಹಾಕಿದಂತೆ. ಹಾಕಿದ್ದರಲ್ಲಿ ಶೇ. 1ರಷ್ಟು ಸಾರಜನಕ ಈ ಅನಿಲವಾಗುತ್ತದೆಂಬ ರೂಢಿಯ ಅಂದಾಜಿನಂತೆ, 1 ಕಿಲೋವನ್ನು 44/28ರಿಂದ (ನೈಟ್ರಸ್ ಆಕ್ಸೈಡಿನ ಅಣುತೂಕ 44, ಅದರಲ್ಲಿ ಸಾರಜನಕದ ಪಾಲು 28) ಗುಣಿಸಿದರೆ 1.57 ಕಿಲೋ ನೈಟ್ರಸ್ ಆಕ್ಸೈಡ್. ನೂರು ವರ್ಷದ ಅವಧಿಗೆ ಇದು ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು, ಅಂದರೆ ಸುಮಾರು 429 ಕಿಲೋಗೆ ಸಮ.

ಮೊದಲ ಸೋರಿಕೆಗೆ ತಡೆ ಎನ್‌ಬಿಪಿಟಿಯಂಥ ಯೂರಿಯೇಸ್ ಪ್ರತಿಬಂಧಕ. ಎರಡನೆಯದಕ್ಕೆ ನೈಟ್ರಪೈರಿನ್, ಡಿಸಿಡಿ, ಡಿಎಂಪಿಪಿ; ಇವು ನೈಟ್ರೊಸೊಮೊನಾಸ್‌ನ ಕೆಲಸವನ್ನು ಕೆಲವು ವಾರ ನಿಧಾನಗೊಳಿಸುತ್ತವೆ. (ಹಾಲಿನಲ್ಲಿ ಡಿಸಿಡಿಯ ಶೇಷ ಕಂಡದ್ದರಿಂದ ನ್ಯೂಜಿಲೆಂಡ್‌ನಲ್ಲಿ 2013ರ ಹೊತ್ತಿಗೆ ಅದರ ಮಾರಾಟ ನಿಂತಿತು.) ನಮ್ಮ ದೇಶದಲ್ಲಿ 2015ರಿಂದ ಕಡ್ಡಾಯವಾಗಿರುವ ಬೇವು ಲೇಪನವೂ ಮುಖ್ಯವಾಗಿ ಈ ಎರಡನೆಯ ಗುಂಪಿನದೇ. ನಿಯಮದಂತೆ ಬೇವಿನೆಣ್ಣೆ ಕನಿಷ್ಠ ಶೇ. 0.035 ಇರಬೇಕು, ಇಡೀ ಚೀಲಕ್ಕೆ ಸುಮಾರು 16 ಗ್ರಾಂ. ಅದರಿಂದ ಪವಾಡ ನಿರೀಕ್ಷಿಸುವುದು ತರವಲ್ಲ ಎಂಬುದು ನನ್ನ ಅನಿಸಿಕೆ.

ಪುಣೆ ಜಿಲ್ಲೆಯ ಇಂದಾಪುರದ ಕಡೆಯ ಕ್ಷಾರೀಯ ಎರೆಮಣ್ಣಿನ ಕಬ್ಬಿಗೆ ಮೇಲುಗೊಬ್ಬರವಾಗಿ ಯೂರಿಯಾ ಚೆಲ್ಲಿದರೆ ಮುಖ್ಯ ನಷ್ಟ ಅಮೋನಿಯಾ. ಅಲ್ಲಿ ನೈಟ್ರೀಕರಣವನ್ನಷ್ಟೇ ತಡೆದರೆ ಅಮೋನಿಯಂ ಹೆಚ್ಚು ದಿನ ಉಳಿದು ಅಮೋನಿಯಾ ನಷ್ಟ ಏರಲೂಬಹುದು. ಅದೇ ಜಿಲ್ಲೆಯ ಮಾವಳದ ಇಂದ್ರಾಯಣಿ ತಳಿಯ ಭತ್ತದ ಗದ್ದೆಯ ಕಥೆ ಬೇರೆ: ನೀರು ಸದಾ ನಿಂತಿದ್ದರೆ ಮೀಥೇನ್ ಹೆಚ್ಚು, ನೈಟ್ರಸ್ ಆಕ್ಸೈಡ್ ಕಡಿಮೆ, ಮೀಥೇನ್ ತಗ್ಗಿಸಲು ಗದ್ದೆಯನ್ನು ಆಗಾಗ ಒಣಗಿಸಿದರೆ ನೈಟ್ರಸ್ ಆಕ್ಸೈಡ್ ಏರುತ್ತದೆ. ನೈಟ್ರೀಕರಣ ಪ್ರತಿಬಂಧಕಕ್ಕೆ ನಿಜವಾದ ಕೆಲಸವಿರುವುದು ಇಂಥ ಗದ್ದೆಯಲ್ಲಿ.

ಇಳುವರಿಯ ವಿಷಯದಲ್ಲಿ, ಬೆಳೆಗೆ ಸಾರಜನಕದ ಕೊರತೆಯಿದ್ದಾಗ ಮಾತ್ರ ಉಳಿಸಿದ ಸಾರಜನಕ ಕಾಳಾಗಿ ಕಾಣುತ್ತದೆ. ಮೊದಲೇ ಅತಿಯಾಗಿ ಸುರಿದ ಹೊಲದಲ್ಲಿ ಗೊಬ್ಬರದ ಪ್ರಮಾಣ ಇಳಿಸಿದರೇ ಲಾಭ.

ಪ್ರಾಯೋಗಿಕ ತರಗತಿಯಲ್ಲಿ ಹಸಿ ಎರೆಮಣ್ಣು ತುಂಬಿದ ಮೂರು ಭರಣಿಗಳ ಮುಚ್ಚಳಕ್ಕೆ ಅಮೋನಿಯಾ ತಗುಲಿದರೆ ನೀಲಿಯಾಗುವ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಅಂಟಿಸಿದ್ದೆವು. ಬರಿಯ ಯೂರಿಯಾ ಚೆಲ್ಲಿದ ಭರಣಿಯಲ್ಲಿ ಕಾಗದ ಮೂರನೆಯ ದಿನ ನೀಲಿಯಾಯಿತು, ಬೇವು ಲೇಪಿತ ಯೂರಿಯಾ ಚೆಲ್ಲಿದ್ದರಲ್ಲೂ ಅದೇ ದಿನ. ಎರಡಂಗುಲ ಆಳದಲ್ಲಿ ಯೂರಿಯಾ ಹೂತಿಟ್ಟ ಮೂರನೆಯದರಲ್ಲಿ ವಾರ ಕಳೆದರೂ ಕಾಗದ ಕೆಂಪಾಗಿಯೇ ಇತ್ತು.