ಪೇಟೆಯಲ್ಲಾ, ಲೈನಲ್ಲಾ?

ಕೋಲಾರದಿಂದ ಕೆಜಿಎಫ್ ಬಸ್ ಹತ್ತಿ ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಯಾರದಾದರೂ ಮನೆ ಎಲ್ಲಿ ಅಂತ ಕೇಳಿ. ಹಳಬರು ಮೊದಲು ತಿರುಗಿ ಕೇಳೋದು ಇದನ್ನೇ: ಪೇಟೆಯಲ್ಲಾ, ಲೈನಲ್ಲಾ?

ನಾವು ಕೋಲಾರದವರು. ನಮಗೆ ಪೇಟೆ ಅಂದರೆ ಸಾಮಾನು ತರೋಕೆ ಹೋಗುವ ಜಾಗ. ಲೈನು ಅಂದರೆ ರೇಷನ್ ಅಂಗಡಿ ಮುಂದೆ ನಿಲ್ಲುವ ಸಾಲು. ಸುಮಾರು ಮೂವತ್ತು ಕಿಲೋಮೀಟರ್ ಆಚೆ, ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಈ ಎರಡು ಪದಗಳ ತೂಕವೇ ಬೇರೆ. ಬ್ರಿಟಿಷರ ಕಾಲದಲ್ಲಿ ಯಾರು ಯಾರ ನೆಲದ ಮೇಲೆ ಬದುಕುತ್ತಿದ್ದರು ಅನ್ನೋದು ಈ ಎರಡರಲ್ಲೇ ಇದೆ.

ಮೊದಲು ಪೇಟೆ. ಇದು ಹಳೇ ಪದ. ತಮಿಳಲ್ಲಿ ಪೇಟ್ಟೈ, ತೆಲುಗಲ್ಲಿ ಪೇಟ, ಮರಾಠಿಯಲ್ಲಿ ಪೇಠ್. ಕೋಟೆ ಇದ್ದ ಕಡೆ ಪಕ್ಕದಲ್ಲಿ ಪೇಟೆ ಇರುತ್ತಿತ್ತು. ಕೋಟೆಯಲ್ಲಿ ಅಧಿಕಾರ, ಪೇಟೆಯಲ್ಲಿ ವ್ಯಾಪಾರ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ನೋಡಿ, ಅಲ್ಲಿ ಏನು ಸಿಗುತ್ತಿತ್ತು ಅಂತ ಹೆಸರೇ ಹೇಳುತ್ತೆ ಅಲ್ವಾ? ಬ್ರಿಟಿಷರು ಬಂದ ಮೇಲೆ ಸಾಮಾನಿನ ಜಾಗದಲ್ಲಿ ಸಾಹೇಬರ ಹೆಸರು ಬಂದು ಕೂತಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ. ಅದೇ ಈಗಿನ ಬಂಗಾರಪೇಟೆ. ಚಿನ್ನದ ಗಣಿಗೆ ಹೋಗುವ ರೈಲು ಅಲ್ಲಿಂದಲೇ ಕವಲೊಡೆಯುವುದರಿಂದ ಹೊಸ ಹೆಸರು ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಆಮೇಲೆ ಬಂದವರು ಸರ್ ಡೊನಾಲ್ಡ್ ರಾಬರ್ಟ್‌ಸನ್. 1896ರಿಂದ 1903ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ. ಅವರ ಹೆಸರು ಯಾವ ಬಾಯಲ್ಲೂ ಬದಲಾಗಲಿಲ್ಲ. ಇವತ್ತಿಗೂ ಅಲ್ಲಿನ ನಗರಸಭೆ ರಾಬರ್ಟ್‌ಸನ್‌ಪೇಟೆ ನಗರಸಭೆಯೇ.

ಈ ಪೇಟೆ ಯಾಕೆ ಬೇಕಾಯಿತು? ಗಣಿ ಜೋರಾಗಿ ನಡೆಯೋಕೆ ಶುರುವಾಗಿದ್ದು 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಅಂತ ಒಂದರ ಪಕ್ಕ ಒಂದು ಗಣಿ. ಉತ್ತರ ಆರ್ಕಾಟ್ ಕಡೆಯಿಂದ, ಚಿತ್ತೂರು ಕಡೆಯಿಂದ ಸಾವಿರಗಟ್ಟಲೆ ಜನ ಕೂಲಿಗೆ ಬಂದರು. ಬಂದವರಿಗೆ ಅಕ್ಕಿ ಬೇಕು, ಬಟ್ಟೆ ಬೇಕು, ಹಬ್ಬಕ್ಕೆ ಒಂದು ಜೊತೆ ಚಪ್ಪಲಿ ಬೇಕು. ಅಷ್ಟರಲ್ಲಿ, 1898ರಲ್ಲಿ, ಮೈಸೂರು ಸೀಮೆಗೆ ಪ್ಲೇಗ್ ಬಂತು. ಇಕ್ಕಟ್ಟಾದ ಕೇರಿಗಳನ್ನು ಕಂಡರೆ ಸರ್ಕಾರಕ್ಕೆ ಭಯ. ಬೆಂಗಳೂರಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದು ಇದೇ ಕಾಲದಲ್ಲಿ. ರಾಬರ್ಟ್‌ಸನ್‌ಪೇಟೆಯೂ ಅದೇ ಕಾಲದ ಕೂಸು.

ಅಲ್ಲಿ ನಡೆದುಕೊಂಡು ಹೋದರೆ ಇದು ಕಣ್ಣಿಗೇ ಕಾಣುತ್ತೆ. ಕೋಲಾರದ ಕೋಟೆ ಕಡೆ, ಕಠಾರಿಪಾಳ್ಯದ ಕಡೆ ಗಲ್ಲಿಗಳು ತಮಗೆ ಬೇಕಾದ ಹಾಗೆ ತಿರುಗುತ್ತವೆ. ಇಲ್ಲಿ ಹಾಗಿಲ್ಲ. ರಸ್ತೆಗಳು ದಾರ ಹಿಡಿದು ಎಳೆದ ಹಾಗೆ ನೇರ, ಅವನ್ನು ಅಡ್ಡಡ್ಡ ಕತ್ತರಿಸುವ ಕ್ರಾಸುಗಳು. ಗೀತಾ ರಸ್ತೆಯಲ್ಲಿ ನಿಂತು ನೋಡಿದರೆ ದೂರದವರೆಗೂ ಎರಡೂ ಕಡೆ ಅಂಗಡಿ ಬೋರ್ಡುಗಳೇ, ತಮಿಳು, ಕನ್ನಡ, ಇಂಗ್ಲಿಷ್ ಮೂರೂ ಒಟ್ಟೊಟ್ಟಿಗೆ. ಎಂ.ಜಿ. ಮಾರುಕಟ್ಟೆ ಒಳಗೆ ಹೋದರೆ ತರಕಾರಿಯವಳು ನಿಮ್ಮ ಮುಖ ನೋಡಿ ಭಾಷೆ ಆರಿಸಿಕೊಳ್ಳುತ್ತಾಳೆ. ನನ್ನ ಹತ್ತಿರ ತೆಲುಗಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದಳು.

ಆದರೆ ನೇರ ರಸ್ತೆಗಿಂತ ದೊಡ್ಡ ವಿಷಯ ಒಂದಿದೆ. ಗಣಿ ಇದ್ದ ನೆಲ ಕಂಪನಿಗೆ ಗುತ್ತಿಗೆ ಕೊಟ್ಟಿದ್ದ ನೆಲ. ಅಲ್ಲಿ ಮನೆ ಕಂಪನಿಯದು, ನಲ್ಲಿ ಕಂಪನಿಯದು, ಆಸ್ಪತ್ರೆ ಕಂಪನಿಯದು. ಅಲ್ಲಿ ಬದುಕೋಕೆ ಕಂಪನಿಯ ಒಪ್ಪಿಗೆ ಬೇಕು. ಪೇಟೆ ಇದ್ದಿದ್ದು ಆ ಗೆರೆಯ ಆಚೆ. ಅಲ್ಲಿ ದುಡ್ಡಿದ್ದವನು ಒಂದು ಸೈಟು ತಗೊಂಡು ತನ್ನ ಹೆಸರಲ್ಲಿ ಅಂಗಡಿ ಹಾಕಬಹುದಿತ್ತು, ಮನೆ ಕಟ್ಟಿ ಮಕ್ಕಳಿಗೆ ಬಿಟ್ಟು ಹೋಗಬಹುದಿತ್ತು. ಹಾಗಾಗಿ ಕೆಜಿಎಫ್‌ನವರ ಬಾಯಲ್ಲಿ ಪೇಟೆ ಅಂದರೆ ಬರೀ ಮಾರ್ಕೆಟ್ ಅಲ್ಲ. ಕಂಪನಿ ಇಲ್ಲದ ಜಾಗ ಅಂತಲೂ ಅರ್ಥ.

ಇನ್ನು ಲೈನು. ಇದು ದಂಡಿನಿಂದ ಬಂದ ಪದ. ಸಿಪಾಯಿಗಳ ಮನೆಗಳನ್ನು ಸಾಲಾಗಿ ಕಟ್ಟುತ್ತಿದ್ದರು, ಆ ಸಾಲಿಗೇ ಲೈನ್ ಅನ್ನುತ್ತಿದ್ದರು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ, ಅಲ್ಲಿ ಲೈನ್ ಮನೆ ಅಂದರೆ ಕೂಲಿಯವರ ಮನೆ. ಕೆಜಿಎಫ್‌ನಲ್ಲೂ ಅದೇ. ಕೆಲಸ ಇರುವವರೆಗೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ವಠಾರಕ್ಕೂ ಲೈನಿಗೂ ಇರುವ ವ್ಯತ್ಯಾಸ ಇದೇ. ವಠಾರದಲ್ಲಿ ಬಾಡಿಗೆ ಕೊಟ್ಟರೆ ಸಾಕು, ಲೈನಲ್ಲಿ ಮೈ ಮುರಿದು ದುಡಿಯಲೇಬೇಕು.

ಮೊದಮೊದಲು ಇವು ಬಿದಿರು ತಟ್ಟಿಯ ಗುಡಿಸಲುಗಳು. ಚಾಂಪಿಯನ್ ರೀಫ್ಸ್ ಕಡೆ ಒಂದು ಲೈನಲ್ಲಿ ನಮ್ಮ ಪರಿಚಯದ ತಾತ ಒಬ್ಬರಿದ್ದಾರೆ. ಗಣಿಯೊಳಗೆ ಇಳಿದು ಕೆಲಸ ಮಾಡಿದವರು. ಅವರದ್ದು ತಟ್ಟಿ ಮನೆಯಲ್ಲ, ಆಮೇಲೆ ಕಟ್ಟಿದ ಗೋಡೆ ಮನೆ. ಬಾಗಿಲಲ್ಲಿ ನಾನು ತಲೆ ಬಗ್ಗಿಸಿಯೇ ಒಳಗೆ ಹೋದೆ. ಒಂದು ಕೋಣೆ, ಹಿಂದೆ ಒಲೆಗೆ ಅಂತ ಚೂರು ಜಾಗ. ಪಕ್ಕದ ಮನೆಗೂ ಇವರ ಮನೆಗೂ ಒಂದೇ ಗೋಡೆ. ಮಾತಾಡುತ್ತಾ ಇರುವಾಗ ಆಚೆ ಕಡೆಯಿಂದ ಸಾಸಿವೆ ಸಿಡಿದ ಸದ್ದು ಕೇಳಿತು. ತಾತ ತಲೆ ಎತ್ತದೆ, "ಇವತ್ತು ಅವರ ಮನೆಯಲ್ಲಿ ರಸ" ಅಂದರು.

"ಒಳಗೆ ಬಂಡೆ ಸಿಡಿದರೆ ಇಲ್ಲಿ ಪಾತ್ರೆ ಅಲ್ಲಾಡೋದಪ್ಪಾ. ಹೆಂಗಸರೆಲ್ಲ ಶಾಫ್ಟ್ ಹತ್ತಿರ ಓಡೋರು" ಅಂತಲೂ ಹೇಳಿದರು. ಸುಮಾರು 3 ಕಿಲೋಮೀಟರ್ ಆಳಕ್ಕೆ ಹೋದ ಗಣಿ ಅದು. ಅದರ ನೆತ್ತಿಯ ಮೇಲೆ ಈ ಲೈನುಗಳು.

ಮೂರನೇ ಪದ ಬಂಗಲೆ. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ತೋಟ, ಕ್ಲಬ್ಬು, ಗಾಲ್ಫ್, ಲಿಟಲ್ ಇಂಗ್ಲೆಂಡ್ ಅನ್ನುವ ಹೆಸರು. ನನಗೆ ಅದರಲ್ಲಿ ಕಾಣೋದು ದೂರ. ಸಾಹೇಬರ ಬಂಗಲೆ ಗಾಳಿ ಬೀಸುವ ದಿಣ್ಣೆ ಮೇಲೆ, ಕಾಂಪೌಂಡ್ ಒಳಗೆ ಮರ, ಮರದ ನೆರಳಲ್ಲಿ ಮನೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಈ ಗಣಿಗೆ ಕರೆಂಟ್ ತಂದರು, ಬೆಂಗಳೂರಿಗೆ ಬರುವ ಮೊದಲೇ. ಕೆಜಿಎಫ್ ಅಂದ ತಕ್ಷಣ ಇದನ್ನ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ ಕರೆಂಟ್ ಬಂದಿದ್ದು ಗಣಿಯ ಮಿಷನ್ನುಗಳಿಗೆ. ಲೈನಿನ ಮನೆಗಳಿಗೆ ಅಂತ ಯಾರೂ ಆ ತಂತಿ ಎಳೆದಿದ್ದಲ್ಲ. ಪ್ಲಾನ್ ಮಾಡಿ ಕಟ್ಟಿದ ಊರು ಅಂದಾಗ ರಸ್ತೆ ಎಷ್ಟು ನೇರ ಅಂತ ಮಾತ್ರ ನೋಡಬಾರದು, ಯಾರನ್ನು ಎಲ್ಲಿ ಇಟ್ಟರು ಅಂತಲೂ ನೋಡಬೇಕು.

ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಪೇಟೆ ಹೇಗೋ ಉಳಿಯಿತು, ವ್ಯಾಪಾರ ಕಮ್ಮಿಯಾದರೂ ಅಂಗಡಿ ಅವರದ್ದೇ ಅಲ್ವಾ. ಪೆಟ್ಟು ಬಿದ್ದಿದ್ದು ಲೈನಿಗೆ. ಕೆಲಸ ಇದ್ದರೆ ಮನೆ ಅನ್ನುವ ಲೆಕ್ಕದಲ್ಲಿ ಕಟ್ಟಿದ ಮನೆಗಳು, ಈಗ ಕೆಲಸವೇ ಇಲ್ಲ. ಮನೆ ಯಾರ ಹೆಸರಿಗೆ ಅನ್ನೋ ಮಾತು ವರ್ಷಗಟ್ಟಲೆ ಎಳೆದಾಡಿತು. ಲೈನಿನ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ಬರುತ್ತಾರೆ. ತಾತನ ಮೊಮ್ಮಗಳೂ ಹಾಗೆಯೇ.

ತಾತನ ಮನೆ ಬಾಗಿಲ ಮೇಲೆ ಕಂಪನಿ ಬರೆಸಿದ್ದ ನಂಬರ್ ಇನ್ನೂ ಇದೆ. ಪ್ರತಿ ಪೊಂಗಲ್‌ಗೆ ಗೋಡೆಗೆ ಸುಣ್ಣ ಹೊಡೆದ ಮೇಲೆ ಅದರ ಮೇಲೆಯೇ ಕಪ್ಪು ಬಣ್ಣದಲ್ಲಿ ತಿದ್ದುತ್ತಾರಂತೆ. ಯಾಕೆ ತಾತ, ಕಂಪನಿಯೇ ಇಲ್ವಲ್ಲ ಅಂದೆ.

"ಪೋಸ್ಟ್‌ಮ್ಯಾನ್ ಬರಬೇಕಲ್ಲಪ್ಪಾ" ಅಂದರು.